ಹೋದ ವರ್ಷದ ಯೂನಿಫಾರ್ಮ್ ಈ ವರ್ಷವೂ ಸರಿಹೋದರೆ: ಬೆಳವಣಿಗೆ ಹಾರ್ಮೋನ್ ಕೊರತೆ ಬಗ್ಗೆ ಅಪ್ಪ ಅಮ್ಮಂದಿರಿಗೆ ಒಂದು ಮಾರ್ಗದರ್ಶಿ

ನನ್ನ ಮಗ ಎರಡನೇ ಕ್ಲಾಸಿಗೆ ಹೋಗುವಾಗ ಹೊಸ ಯೂನಿಫಾರ್ಮ್ ಹೊಲಿಸುವ ಅಗತ್ಯವೇ ಬರಲಿಲ್ಲ. ಒಂದನೇ ಕ್ಲಾಸಿನ ಚಡ್ಡಿ ಹಾಗೇ ಸರಿಹೋಯಿತು. ಚಪ್ಪಲಿಯೂ ಅಷ್ಟೇ. ದುಡ್ಡು ಉಳಿಯಿತು ಅಂತ ಖುಷಿಪಟ್ಟಿದ್ದೆ. ಮೂರನೇ ಕ್ಲಾಸಿಗೂ ಅದೇ ಚಡ್ಡಿ ಸರಿಹೋದಾಗ ಮಾತ್ರ ಎದೆ ಧಸಕ್ಕೆಂದಿತು.

ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. "ಅವರಪ್ಪನೂ ಹೀಗೇ ಇದ್ದ, ಹತ್ತನೇ ಕ್ಲಾಸಲ್ಲಿ ಒಂದೇ ಸಲ ಉದ್ದ ಆದ" ಅಂದರು ನಮ್ಮ ಅತ್ತೆ. ಪಕ್ಕದ ಮನೆಯವರು ಹಾಲಿಗೆ ಹಾಕುವ ಪುಡಿಯ ಡಬ್ಬ ತಂದುಕೊಟ್ಟರು. ಇನ್ನೊಬ್ಬರು ಕಂಬಿಗೆ ನೇತಾಡಿಸಿ ಅಂದರು. ಒಂದು ಲ್ಯಾಬಿನಲ್ಲಿ ಬೆಳಿಗ್ಗೆ ರಕ್ತ ತೆಗೆದು, ಬೆಳವಣಿಗೆ ಹಾರ್ಮೋನ್ ಸೊನ್ನೆಗೆ ಹತ್ತಿರ ಇದೆ ಅಂತ ವರದಿ ಕೊಟ್ಟರು. ಅದನ್ನು ನೋಡಿ ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಆ ವರದಿಗೆ ಅರ್ಥವೇ ಇಲ್ಲ ಅಂತ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಹೀಗೆ ಒಂದು ವರ್ಷ ಸುಮ್ನೆ ಕಳೆದುಹೋಯಿತು. ಬೇರೆ ಯಾವ ಮಗುವಿಗೂ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ಡಾಕ್ಟರುಗಳ ಮುಂದೆ ವರ್ಷಗಟ್ಟಲೆ ಕೂತು ಕೇಳಿದ್ದನ್ನು, ಸಂಶೋಧನಾ ವರದಿಗಳನ್ನು ನಿಧಾನವಾಗಿ ಓದಿ ಅರ್ಥ ಮಾಡಿಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ. ಮೊದಲು ಧೈರ್ಯದ ಮಾತು ಹೇಳುತ್ತೇನೆ. ಬೆಳವಣಿಗೆ ಹಾರ್ಮೋನಿನ ಈ ಕೊರತೆ ಅಪರೂಪ. ಸುಮಾರು 4,000ದಿಂದ 10,000 ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಗಿಡ್ಡಗಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ.

ಹೆಜ್ಜೆ 1: ಗೋಡೆ, ಟೇಪು, ನೋಟ್‌ಬುಕ್

ಎಲ್ಲ ಪರೀಕ್ಷೆಗಳಿಗಿಂತ ಬೆಲೆಬಾಳುವ ಪರೀಕ್ಷೆ ನಿಮ್ಮ ಮನೆಯ ಗೋಡೆಯಲ್ಲೇ ಇದೆ. ಮಗು ಇವತ್ತು ಎಷ್ಟು ಎತ್ತರ ಇದೆ ಅನ್ನುವುದಕ್ಕಿಂತ, ಒಂದು ವರ್ಷದಲ್ಲಿ ಎಷ್ಟು ಬೆಳೆಯಿತು ಅನ್ನುವುದು ಮುಖ್ಯ. ಡಾಕ್ಟರುಗಳು ಇದನ್ನೇ ಬೆಳವಣಿಗೆಯ ವೇಗ ಅನ್ನುತ್ತಾರೆ.

ಅಳೆಯುವುದಕ್ಕೂ ಒಂದು ಕ್ರಮವಿದೆ. ಗೋಡೆಗೆ ಸ್ಟೀಲ್ ಟೇಪನ್ನು ನೆಟ್ಟಗೆ ಅಂಟಿಸಿ. ಬಟ್ಟೆಯ ಟೇಪು ಬೇಡ, ಅದು ಹಿಗ್ಗುತ್ತದೆ. ಮಗು ಬರಿಗಾಲಲ್ಲಿ ನಿಲ್ಲಬೇಕು. ಜಡೆ, ಜುಟ್ಟು, ಕ್ಲಿಪ್ಪು ತೆಗೆಯಿರಿ. ಹಿಮ್ಮಡಿ, ಕುಂಡೆ, ಬೆನ್ನು, ತಲೆಯ ಹಿಂಭಾಗ ಗೋಡೆಗೆ ತಾಗಿರಲಿ. ನೋಟ ನೇರವಾಗಿ ಮುಂದಕ್ಕೆ ಇರಲಿ. ತಲೆಯ ಮೇಲೆ ಒಂದು ದಪ್ಪ ಪುಸ್ತಕವನ್ನು ಗೋಡೆಗೆ ಒತ್ತಿ ಅಡ್ಡಲಾಗಿ ಇಟ್ಟು, ಅದರ ಕೆಳಗೆ ಪೆನ್ಸಿಲ್ ಗುರುತು ಹಾಕಿ. ಮೂರು ಸಲ ಅಳೆದು ಸರಾಸರಿ ಬರೆಯಿರಿ. ಸಂಜೆಗಿಂತ ಬೆಳಿಗ್ಗೆ ಎತ್ತರ ಸ್ವಲ್ಪ ಜಾಸ್ತಿ ಇರುತ್ತದೆ. ಆದ್ದರಿಂದ ಪ್ರತಿ ಸಲ ಒಂದೇ ಹೊತ್ತಿಗೆ ಅಳೆಯಿರಿ. ಎರಡು ವರ್ಷದ ಒಳಗಿನ ಮಗುವನ್ನು ಮಲಗಿಸಿ ಅಳೆಯಬೇಕು.

ತಿಂಗಳು ತಿಂಗಳೂ ಅಳೆದು ಗಾಬರಿಯಾಗಬೇಡಿ. ಮೂರು ತಿಂಗಳ ಅಂತರದಲ್ಲಿ ಅರ್ಧ ಸೆಂ.ಮೀ. ತಪ್ಪಾದರೆ, ವರ್ಷದ ಲೆಕ್ಕಕ್ಕೆ ಅದು 2 ಸೆಂ.ಮೀ. ತಪ್ಪಾಗುತ್ತದೆ. ಕನಿಷ್ಠ ಆರು ತಿಂಗಳ ಅಂತರ ಇರಲಿ. ಹುಟ್ಟುಹಬ್ಬದಿಂದ ಹುಟ್ಟುಹಬ್ಬಕ್ಕೆ ಅಳೆದರೆ ಇನ್ನೂ ಒಳ್ಳೆಯದು.

ಸಾಮಾನ್ಯವಾಗಿ ಮಕ್ಕಳು ಬೆಳೆಯುವ ಬಗೆ ಹೀಗಿದೆ. ಹುಟ್ಟಿದಾಗ ಸುಮಾರು 50 ಸೆಂ.ಮೀ. ಮೊದಲ ವರ್ಷ ಸುಮಾರು 25 ಸೆಂ.ಮೀ. ಬೆಳೆಯುತ್ತಾರೆ, ಎರಡನೇ ವರ್ಷ 10ರಿಂದ 12. ನಾಲ್ಕು ವರ್ಷಕ್ಕೆ ಹುಟ್ಟಿದಾಗಿನ ಎರಡರಷ್ಟು, ಅಂದರೆ ಸುಮಾರು 100 ಸೆಂ.ಮೀ. ಆಗುತ್ತಾರೆ. ಆಮೇಲೆ ಮೈನೆರೆಯುವ ವಯಸ್ಸಿನವರೆಗೆ ವರ್ಷಕ್ಕೆ 5ರಿಂದ 6 ಸೆಂ.ಮೀ. ಶಾಲೆಗೆ ಹೋಗುವ ಮಗು ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಬೆಳೆಯುತ್ತಿದ್ದರೆ, ಅದು ತೋರಿಸಬೇಕಾದ ವಿಷಯ. ನನ್ನ ಮಗ ಏಳನೇ ಹುಟ್ಟುಹಬ್ಬಕ್ಕೆ 108 ಸೆಂ.ಮೀ. ಇದ್ದ, ಎಂಟನೆಯದಕ್ಕೆ 111.4. ಇಡೀ ವರ್ಷಕ್ಕೆ 3.4 ಸೆಂ.ಮೀ. ಈ ಎರಡು ಗೆರೆಗಳನ್ನು ನೋಡಿದ ಕೂಡಲೇ ಡಾಕ್ಟರ್ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಲ್ಯಾಬಿನ ವರದಿಯನ್ನು ಮಾತ್ರ ಪಕ್ಕಕ್ಕಿಟ್ಟರು.

ಈ ಅಂಕಿಗಳನ್ನು ಗ್ರೋತ್ ಚಾರ್ಟಿನಲ್ಲಿ ಗುರುತು ಮಾಡಿಸಿ. ಭಾರತದಲ್ಲಿ 5 ವರ್ಷದ ಒಳಗಿನವರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಚಾರ್ಟ್, 5ರಿಂದ 18 ವರ್ಷದವರಿಗೆ ಭಾರತೀಯ ಮಕ್ಕಳ ತಜ್ಞರ ಸಂಘದ 2015ರ ಚಾರ್ಟ್ ಬಳಸುತ್ತಾರೆ. ಎರಡೂ ಉಚಿತವಾಗಿ ಸಿಗುತ್ತವೆ. ಚಾರ್ಟಿನ ಕೆಳಗಿನ ಗೆರೆ 3ನೇ ಪರ್ಸೆಂಟೈಲ್, ಅಂದರೆ ಅದೇ ವಯಸ್ಸಿನ 100 ಮಕ್ಕಳಲ್ಲಿ ಸುಮಾರು 3 ಮಂದಿ ಮಾತ್ರ ಅದಕ್ಕಿಂತ ಕೆಳಗಿರುತ್ತಾರೆ. ಅದಕ್ಕಿಂತ ಕೆಳಗಿದ್ದರೆ ಗಿಡ್ಡ ಅಂತ ಲೆಕ್ಕ. ಆದರೆ ಮೇಲಿನ ಗೆರೆಯಲ್ಲಿ ಬೆಳೆಯುತ್ತಿದ್ದ ಮಗು ಗೆರೆಯಿಂದ ಗೆರೆಗೆ ಇಳಿಯುತ್ತಾ ಬಂದರೆ, ಅದು ಇನ್ನೂ 3ನೇ ಗೆರೆ ಮುಟ್ಟದಿದ್ದರೂ ಗಮನ ಕೊಡಬೇಕು.

ಹೆಜ್ಜೆ 2: ಅಪ್ಪ ಅಮ್ಮನ ಎತ್ತರದ ಲೆಕ್ಕ

ನೀವಿಬ್ಬರೂ ಅಳತೆ ಮಾಡಿಕೊಳ್ಳಿ. ನೆನಪಿನಿಂದ ಹೇಳಬೇಡಿ, ಗಂಡಸರು ಒಂದಿಂಚು ಸೇರಿಸಿಯೇ ಹೇಳುತ್ತಾರೆ! ಇಬ್ಬರ ಎತ್ತರ ಕೂಡಿಸಿ ಅರ್ಧ ಮಾಡಿ. ಹುಡುಗನಾದರೆ 6.5 ಸೆಂ.ಮೀ. ಸೇರಿಸಿ, ಹುಡುಗಿಯಾದರೆ 6.5 ಕಳೆಯಿರಿ. ಅಪ್ಪ 168, ಅಮ್ಮ 155 ಅಂತಿಟ್ಟುಕೊಳ್ಳಿ. ಅರ್ಧ 161.5. ಮಗ ಸುಮಾರು 168, ಮಗಳು ಸುಮಾರು 155. ಇದರಿಂದ 8 ಸೆಂ.ಮೀ. ಆಚೀಚೆ ಆಗಬಹುದು. ಮಗುವಿನ ಗೆರೆ ಇದಕ್ಕಿಂತ ತುಂಬ ಕೆಳಗೆ ಹೋಗುತ್ತಿದ್ದರೆ "ನಮ್ಮ ವಂಶವೇ ಗಿಡ್ಡ" ಅನ್ನುವ ಸಮಾಧಾನ ಸಾಲದು. ಕೆಲವೊಮ್ಮೆ ಅಪ್ಪನಿಗೂ ಇದೇ ತೊಂದರೆ ಇದ್ದು, ಯಾರೂ ಗುರುತಿಸದೇ ಹೋಗಿರಬಹುದು.

ಹೆಜ್ಜೆ 3: ಯಾವ ಲಕ್ಷಣ ಕಂಡರೆ ಕಾಯಬಾರದು

ನಮ್ಮ ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಬೆಳವಣಿಗೆ ಹಾರ್ಮೋನ್ ಅಲ್ಲಿಂದ ಬರುತ್ತದೆ. ಅದು ಯಕೃತ್ತಿಗೆ ಹೋಗಿ ಐಜಿಎಫ್-1 ಅನ್ನುವ ಇನ್ನೊಂದು ವಸ್ತುವನ್ನು ಹುಟ್ಟಿಸುತ್ತದೆ. ಮೂಳೆಯ ತುದಿಯಲ್ಲಿರುವ ಮೆತ್ತನೆಯ ಪಟ್ಟಿಗಳು ಇವೆರಡರ ಬಲದಿಂದ ಬೆಳೆಯುತ್ತವೆ. ಪಿಟ್ಯುಟರಿ ಹುಟ್ಟಿನಿಂದಲೇ ಸರಿಯಾಗಿ ರೂಪುಗೊಳ್ಳದೇ ಇರಬಹುದು. ಅಥವಾ ಆಮೇಲೆ ಗಡ್ಡೆ, ತಲೆಗೆ ಕೊಟ್ಟ ರೇಡಿಯೇಶನ್, ತಲೆಗೆ ಬಿದ್ದ ಪೆಟ್ಟಿನಿಂದ ಕೆಡಬಹುದು.

ಹುಟ್ಟಿದ ಮಗುವಿಗೆ ಪದೇ ಪದೇ ಸಕ್ಕರೆ ಅಂಶ ಇಳಿದರೆ, ಕಾಮಾಲೆ ವಾರಗಟ್ಟಲೆ ಹೋಗದಿದ್ದರೆ, ಗಂಡು ಮಗುವಿನ ಶಿಶ್ನ ತೀರಾ ಚಿಕ್ಕದಿದ್ದರೆ, ಅಲ್ಲೇ ಎಚ್ಚೆತ್ತುಕೊಳ್ಳಬೇಕು. ಎತ್ತರ ನೋಡಿ ತೀರ್ಮಾನಿಸಲು ಕಾಯಬಾರದು. ಯಾಕೆಂದರೆ ಈ ಮಕ್ಕಳು ಹುಟ್ಟಿದಾಗ ಸಾಮಾನ್ಯವಾಗಿ ಸರಿಯಾದ ಉದ್ದವೇ ಇರುತ್ತಾರೆ. ದೊಡ್ಡ ಮಗುವಿಗೆ ಗಿಡ್ಡತನದ ಜೊತೆ ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು, ತುಂಬ ಬಾಯಾರಿಕೆ, ತುಂಬ ಮೂತ್ರ ಇದ್ದರೆ ಆ ವಾರವೇ ತೋರಿಸಿ.

ಉಳಿದ ಮಕ್ಕಳ ಚಿತ್ರ ಸಾಮಾನ್ಯವಾಗಿ ಹೀಗಿರುತ್ತದೆ. ಗುಂಡು ಮುಖ, ಹೊಟ್ಟೆಯ ಸುತ್ತ ತುಸು ಕೊಬ್ಬು, ತೆಳು ಧ್ವನಿ, ಹಲ್ಲು ತಡ. ನೋಡಿದರೆ ವಯಸ್ಸಿಗಿಂತ ಎರಡು ವರ್ಷ ಚಿಕ್ಕವರಂತೆ ಕಾಣುತ್ತಾರೆ. ಬೆಳವಣಿಗೆ ಹಾರ್ಮೋನ್ ಒಂದೇ ಕಡಿಮೆ ಇದ್ದರೆ ಬುದ್ಧಿ ಎಲ್ಲರಂತೆಯೇ ಇರುತ್ತದೆ. ಇದನ್ನು ಶಾಲೆಯ ಟೀಚರ್‌ಗೆ ಬಿಡಿಸಿ ಹೇಳಿ. ಮಗುವನ್ನು ಚಿಕ್ಕ ಕೂಸಿನಂತೆ ನಡೆಸಿಕೊಂಡರೆ ಅದಕ್ಕೆ ತುಂಬ ನೋವಾಗುತ್ತದೆ.

ಹೆಜ್ಜೆ 4: ಮೊದಲ ಸುತ್ತು

ಮೊದಲು ಮಕ್ಕಳ ಡಾಕ್ಟರ್, ಅವರು ಹೇಳಿದರೆ ಮಕ್ಕಳ ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರು. ಮೊದಲ ಸುತ್ತಿನಲ್ಲಿ ಬೆಳವಣಿಗೆ ಹಾರ್ಮೋನ್ ಪರೀಕ್ಷೆ ಇರುವುದೇ ಇಲ್ಲ. ಬೆಳವಣಿಗೆ ಕುಂಠಿಸುವ ಬೇರೆ ಕಾರಣಗಳನ್ನು ಮೊದಲು ಹುಡುಕುತ್ತಾರೆ: ರಕ್ತಹೀನತೆ, ಕಿಡ್ನಿ ತೊಂದರೆ, ಥೈರಾಯ್ಡ್, ರಿಕೆಟ್ಸ್, ಗೋಧಿಯಿಂದ ಬರುವ ಸೀಲಿಯಾಕ್ ಕಾಯಿಲೆ, ಸಾಕಷ್ಟು ಊಟ ಸಿಗದಿರುವುದು. ಆಸ್ತಮಾಕ್ಕೋ ಬೇರೆ ಯಾವುದಕ್ಕೋ ದೀರ್ಘಕಾಲ ಸ್ಟೀರಾಯ್ಡ್ ಕೊಟ್ಟಿದ್ದರೆ ಮರೆಯದೆ ಹೇಳಿ.

ಗಿಡ್ಡಗಿರುವ ಹುಡುಗಿಗೆ ಕ್ರೋಮೋಸೋಮ್ ಪರೀಕ್ಷೆ ಮಾಡಿಸಲೇಬೇಕು. ಸುಮಾರು 2,000ದಿಂದ 2,500 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಟರ್ನರ್ ಸಿಂಡ್ರೋಮ್ ಇರುತ್ತದೆ, ಅಂದರೆ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದು ಪೂರ್ತಿಯಾಗಿಯೋ ಭಾಗಶಃವೋ ಇರುವುದಿಲ್ಲ. ಹೊರಗೆ ಗಿಡ್ಡತನ ಬಿಟ್ಟು ಬೇರೇನೂ ಕಾಣದೇ ಇರಬಹುದು. ಮುಟ್ಟಾಗಲಿಲ್ಲ ಅಂತ ಹದಿನೈದರಲ್ಲಿ ಕರೆತರುವ ಹುಡುಗಿಯರ ಕತೆ ಕೇಳಿದಾಗೆಲ್ಲ ಸಂಕಟವಾಗುತ್ತದೆ. ಆ ಪರೀಕ್ಷೆ ಏಳರಲ್ಲೇ ಆಗಿದ್ದರೆ ಎಷ್ಟೋ ಮಾಡಬಹುದಿತ್ತು.

ಮುಂದಿನದು ಎಡಗೈಯ ಎಕ್ಸ್‌ರೇ. ಇದರಿಂದ ಮೂಳೆಯ ವಯಸ್ಸು ಗೊತ್ತಾಗುತ್ತದೆ. ಗ್ರೂಲಿಕ್ ಮತ್ತು ಪೈಲ್ ಅನ್ನುವವರು ಸಿದ್ಧಪಡಿಸಿದ ಎಕ್ಸ್‌ರೇ ಚಿತ್ರಗಳ ಸಂಗ್ರಹದ ಜೊತೆ ಹೋಲಿಸಿ ನೋಡುವುದು ಹಳೆಯ ಕ್ರಮ, ಇವತ್ತಿಗೂ ನಡೆಯುತ್ತಿದೆ. ಎಂಟು ವರ್ಷದ ಮಗುವಿನ ಮೂಳೆ ಐದೂವರೆಯದ್ದಾಗಿದ್ದರೆ ಬೆಳೆಯಲು ಇನ್ನೂ ಜಾಗ ಇದೆ ಅಂತ ಅರ್ಥ. ನಮ್ಮ ಅತ್ತೆ ಹೇಳಿದ "ಹತ್ತನೇ ಕ್ಲಾಸಲ್ಲಿ ಉದ್ದ ಆದ" ಅನ್ನುವ ಮಾತಿನಲ್ಲೂ ಸತ್ಯವಿದೆ. ಕೆಲವು ಮಕ್ಕಳು ನಿಜವಾಗಿಯೂ ತಡವಾಗಿ ಬೆಳೆಯುವವರು. ಅವರ ಮೂಳೆ ವಯಸ್ಸೂ ಹಿಂದೆಯೇ ಇರುತ್ತದೆ. ಆದರೆ ಅವರು ವರ್ಷಕ್ಕೆ 4–5 ಸೆಂ.ಮೀ. ಬೆಳೆಯುತ್ತಲೇ ಇರುತ್ತಾರೆ. ವ್ಯತ್ಯಾಸ ತೋರಿಸುವುದು ಮತ್ತೆ ನಿಮ್ಮ ನೋಟ್‌ಬುಕ್ಕೇ.

ಇದೇ ಹಂತದಲ್ಲಿ ಐಜಿಎಫ್-1 ನೋಡುತ್ತಾರೆ. ಅದು ದಿನವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಆದರೆ ಊಟ ಕಡಿಮೆಯಾದ ಮಗುವಿನಲ್ಲೂ ಇಳಿಯುತ್ತದೆ. ತೀರಾ ಚಿಕ್ಕ ಮಕ್ಕಳಲ್ಲಿ ಸಹಜವಾಗಿಯೇ ಕಡಿಮೆ ಇರುತ್ತದೆ. ಆದ್ದರಿಂದ ಇದೂ ಒಂದು ಸುಳಿವು ಮಾತ್ರ.

ಹೆಜ್ಜೆ 5: ಸ್ಟಿಮ್ಯುಲೇಶನ್ ಪರೀಕ್ಷೆಯ ದಿನ

ನಾನು ಮೊದಲು ಹೇಳಿದ ಆ ಲ್ಯಾಬ್ ವರದಿ ಯಾಕೆ ಅರ್ಥವಿಲ್ಲದ್ದು? ಬೆಳವಣಿಗೆ ಹಾರ್ಮೋನ್ ಒಂದೇ ಸಮನೆ ಸುರಿಯುವುದಿಲ್ಲ. ಬಿಟ್ಟು ಬಿಟ್ಟು ಚಿಮ್ಮುತ್ತದೆ. ಹೆಚ್ಚಾಗಿ ರಾತ್ರಿ ಗಾಢ ನಿದ್ದೆಯಲ್ಲಿ. ಬೆಳಿಗ್ಗೆ ಹತ್ತಕ್ಕೆ ರಕ್ತ ತೆಗೆದರೆ ಆರೋಗ್ಯವಂತ ಮಗುವಿಗೂ ಸೊನ್ನೆಗೆ ಹತ್ತಿರವೇ ಬರಬಹುದು. ಹಾಗಾಗಿ ಔಷಧ ಕೊಟ್ಟು ಪಿಟ್ಯುಟರಿಯನ್ನು ಕೆಣಕಿ, ಅದು ಎಷ್ಟು ಹಾರ್ಮೋನ್ ಬಿಡಬಲ್ಲದು ಅಂತ ನೋಡಬೇಕು. ಸಾಮಾನ್ಯವಾಗಿ ಎರಡು ಬೇರೆ ಬೇರೆ ಔಷಧಗಳಿಂದ ಎರಡು ಸಲ ಮಾಡುತ್ತಾರೆ. ಕ್ಲೋನಿಡಿನ್ ಮಾತ್ರೆ, ಗ್ಲುಕಗಾನ್ ಸೂಜಿ, ಆರ್ಜಿನಿನ್, ಇನ್ಸುಲಿನ್ ಇವು ಬಳಕೆಯಲ್ಲಿವೆ.

ಆ ದಿನಕ್ಕೆ ಸಿದ್ಧತೆ ಬೇಕು. ಹಿಂದಿನ ರಾತ್ರಿಯಿಂದ ಊಟ ಇಲ್ಲ, ನೀರು ಕುಡಿಯಬಹುದೇ ಅಂತ ಕೇಳಿಕೊಳ್ಳಿ. ಕೈಗೆ ಒಂದು ಸಲ ಸೂಜಿ ಚುಚ್ಚಿ ಕ್ಯಾನುಲಾ ಅನ್ನುವ ಸಣ್ಣ ಕೊಳವೆ ಇಡುತ್ತಾರೆ. ಆಮೇಲೆ ಅದರಿಂದಲೇ ಅರ್ಧ ಗಂಟೆಗೊಮ್ಮೆ ರಕ್ತ. ಕ್ಲೋನಿಡಿನ್ ಆದರೆ ಸುಮಾರು ಎರಡು ಗಂಟೆ, ಗ್ಲುಕಗಾನ್ ಆದರೆ ಮೂರು ಗಂಟೆ ಅಥವಾ ಇನ್ನೂ ಜಾಸ್ತಿ. ಪ್ರತಿ ಸಲವೂ ಹೊಸದಾಗಿ ಚುಚ್ಚುವುದಿಲ್ಲ ಅಂತ ಮಗುವಿಗೆ ಮೊದಲೇ ಹೇಳಿ. ನನ್ನ ಮಗ ಅಷ್ಟು ಕೇಳಿದ ಮೇಲೆಯೇ ಅಳು ನಿಲ್ಲಿಸಿದ್ದು.

ಕ್ಲೋನಿಡಿನ್ ತೆಗೆದುಕೊಂಡ ಮಗುವಿಗೆ ನಿದ್ದೆ ಬರುತ್ತದೆ, ಬಿ.ಪಿ. ಇಳಿಯುತ್ತದೆ. ತಕ್ಷಣ ಎದ್ದು ನಡೆಯಲು ಬಿಡಬೇಡಿ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಕರೆದೊಯ್ಯುವ ಯೋಚನೆ ಬೇಡವೇ ಬೇಡ. ಗ್ಲುಕಗಾನ್‌ನಿಂದ ವಾಕರಿಕೆ, ವಾಂತಿ ಆಗಬಹುದು, ಪರೀಕ್ಷೆಯ ಕೊನೆಗೆ ಸಕ್ಕರೆ ಇಳಿಯಬಹುದು. ಇಡ್ಲಿಯೋ ಬಾಳೆಹಣ್ಣೋ ತಿಂದು, ಸಕ್ಕರೆ ಪರೀಕ್ಷಿಸಿದ ಮೇಲೇ ಹೊರಡಿ. ಇನ್ಸುಲಿನ್ ಪರೀಕ್ಷೆಯಲ್ಲಿ ಸಕ್ಕರೆಯನ್ನು ಬೇಕೆಂದೇ ಇಳಿಸುತ್ತಾರೆ. ಅದು ಅನುಭವ ಇರುವ ಆಸ್ಪತ್ರೆಯಲ್ಲಿ, ಡಾಕ್ಟರ್ ಪಕ್ಕದಲ್ಲೇ ಇರುವಾಗ ಮಾತ್ರ ಆಗಬೇಕು. ಥೈರಾಯ್ಡ್ ಕಡಿಮೆ ಇದ್ದರೆ ಅದನ್ನು ಮೊದಲು ಸರಿಮಾಡಿಕೊಂಡು ಆಮೇಲೆ ಈ ಪರೀಕ್ಷೆಗೆ ಹೋಗಬೇಕು.

ಇಲ್ಲಿ ಸಂಶೋಧನೆ ಹೇಳುವುದನ್ನು ಸ್ವಲ್ಪ ನಿಂತು ಕೇಳಬೇಕು. ಹಲವು ಕಡೆ ಈ ಪರೀಕ್ಷೆಯಲ್ಲಿ ಹಾರ್ಮೋನ್ ಮಿಲಿಲೀಟರಿಗೆ 10 ನ್ಯಾನೋಗ್ರಾಂ ದಾಟದಿದ್ದರೆ ಕೊರತೆ ಅನ್ನುತ್ತಾರೆ, ಕೆಲವು ಕಡೆ 7. ಈ ಗಡಿ ಪ್ರಕೃತಿ ಎಳೆದದ್ದಲ್ಲ. ಔಷಧವಾಗಿ ಕೊಡುವ ಹಾರ್ಮೋನ್ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಗಡಿ ಇನ್ನೂ ಕೆಳಗಿತ್ತು. ಧಾರಾಳವಾಗಿ ಸಿಗತೊಡಗಿದ ಮೇಲೆ ಮೇಲೇರಿತು. 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನ ನನ್ನ ಕಣ್ಣು ತೆರೆಸಿತು. ಸರಿಯಾದ ಎತ್ತರದ, ಆರೋಗ್ಯವಂತ, ಇನ್ನೂ ಮೈನೆರೆಯದ ಮಕ್ಕಳಿಗೆ ಪರೀಕ್ಷೆ ಮಾಡಿದರೆ ಶೇ. 61 ಮಂದಿ 7ರ ಗಡಿಯನ್ನೂ ದಾಟಲಿಲ್ಲ! ಅದೇ ವಯಸ್ಸಿನವರಿಗೆ ಮೊದಲೇ ಎರಡು ದಿನ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಕೊಟ್ಟು ಮಾಡಿದಾಗ ಹಾರ್ಮೋನ್ ಚೆನ್ನಾಗಿ ಏರಿತು. ಇದನ್ನು ಪ್ರೈಮಿಂಗ್ ಅನ್ನುತ್ತಾರೆ. ಇನ್ನೂ ಮೈನೆರೆಯದ, 10 ದಾಟಿದ ಹುಡುಗಿಯರಿಗೆ ಮತ್ತು 11 ದಾಟಿದ ಹುಡುಗರಿಗೆ ಪ್ರೈಮಿಂಗ್ ಮಾಡುವುದು ಒಳ್ಳೆಯದು ಅಂತ 2016ರ ಅಮೆರಿಕದ ಮಕ್ಕಳ ಎಂಡೋಕ್ರೈನ್ ತಜ್ಞರ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಹುಡುಗನಿಗೆ ಎರಡು ದಿನ ಈಸ್ಟ್ರೋಜನ್ ಮಾತ್ರೆ ಬರೆದುಕೊಟ್ಟರೆ ಹೌಹಾರಬೇಡಿ. ಕಾರಣ ಇದು.

ದಪ್ಪಗಿರುವ ಮಕ್ಕಳಲ್ಲೂ ಹಾರ್ಮೋನ್ ಕಡಿಮೆ ಏರುತ್ತದೆ. ಲ್ಯಾಬಿನಿಂದ ಲ್ಯಾಬಿಗೂ ಅಂಕಿ ಬದಲಾಗುತ್ತದೆ. ಆದ್ದರಿಂದ ಎರಡೂ ಪರೀಕ್ಷೆಯ ರಕ್ತ ಒಂದೇ ಲ್ಯಾಬಿಗೆ ಹೋಗಲಿ. ಚೆನ್ನಾಗಿ ಬೆಳೆಯುತ್ತಿರುವ ಮಗುವಿಗೆ ಬರೀ ಪರೀಕ್ಷೆಯ ಅಂಕಿ ನೋಡಿ ಹಾರ್ಮೋನ್ ಸೂಜಿಯ ಚಿಕಿತ್ಸೆ ಶುರುಮಾಡುವುದು ಸರಿಯಲ್ಲ. ಅಳತೆ, ಎಕ್ಸ್‌ರೇ, ಐಜಿಎಫ್-1, ಸ್ಟಿಮ್ಯುಲೇಶನ್ ಎಲ್ಲ ಒಂದೇ ದಿಕ್ಕಿಗೆ ಬೆರಳು ತೋರಿಸಬೇಕು. ಹಾಗಿಲ್ಲದಿದ್ದರೆ ಆರು ತಿಂಗಳು ಕಾದು ಮತ್ತೆ ಅಳೆಯೋಣ ಅನ್ನುವ ಡಾಕ್ಟರ್ ಒಳ್ಳೆಯ ಡಾಕ್ಟರ್.

ಹೆಜ್ಜೆ 6: ಎಂಆರ್‌ಐ

ಕೊರತೆ ಖಚಿತವಾದರೆ ಪಿಟ್ಯುಟರಿಯ ಎಂಆರ್‌ಐ ಮಾಡಿಸುತ್ತಾರೆ. ಗಡ್ಡೆ ಇದೆಯೇ, ಗ್ರಂಥಿ ಚಿಕ್ಕದಿದೆಯೇ, ಅದರ ಕಾಂಡ ತುಂಡಾಗಿದೆಯೇ, ಹಿಂಭಾಗ ತನ್ನ ಜಾಗ ಬಿಟ್ಟು ಮೇಲೆ ಕೂತಿದೆಯೇ ಅಂತ ನೋಡುತ್ತಾರೆ. ಇಂಥ ದೋಷ ಕಂಡು, ಪಿಟ್ಯುಟರಿಯ ಇನ್ನೊಂದು ಹಾರ್ಮೋನೂ ಕಡಿಮೆ ಇದ್ದು, ಮಗು ಬೆಳೆಯದಿದ್ದರೆ ಸ್ಟಿಮ್ಯುಲೇಶನ್ ಪರೀಕ್ಷೆ ಬೇಕೇ ಇಲ್ಲ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಕಾಯಿಲೆ ಬಂದಾಗ ದೇಹವನ್ನು ಕಾಯುವ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಕಡಿಮೆ ಇದೆಯೇ ಅಂತ ತಪ್ಪದೆ ಕೇಳಿ. ಅದು ಕಡಿಮೆ ಇದ್ದರೆ ಜ್ವರ, ವಾಂತಿ ಬಂದಾಗ ಜೀವಕ್ಕೇ ಅಪಾಯ. ಅದಕ್ಕೆ ಬೇರೆ ಮಾತ್ರೆ ಬೇಕು.

ಹೆಜ್ಜೆ 7: ಸೂಜಿ ಶುರುಮಾಡುವ ಮುನ್ನ

ಈ ಔಷಧದ ಹಿಂದೆ ಒಂದು ದುಃಖದ ಚರಿತ್ರೆ ಇದೆ. 1958ರಲ್ಲಿ ಅಮೆರಿಕದ ಮಾರಿಸ್ ರೇಬನ್ ಅನ್ನುವ ಡಾಕ್ಟರ್, ಸತ್ತವರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನನ್ನು 17 ವರ್ಷದ ಹುಡುಗನಿಗೆ ಕೊಟ್ಟು, ಅವನು ಬೆಳೆದದ್ದನ್ನು ವರದಿ ಮಾಡಿದರು. ಮುಂದೆ ಸಾವಿರಾರು ಮಕ್ಕಳಿಗೆ ಅದನ್ನೇ ಕೊಟ್ಟರು. 1985ರಲ್ಲಿ, ಹಾಗೆ ಚಿಕಿತ್ಸೆ ಪಡೆದ ಕೆಲವರು ಮೆದುಳನ್ನು ತಿನ್ನುವ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆಯಿಂದ ತೀರಿಕೊಂಡದ್ದು ಗೊತ್ತಾಯಿತು. ಅಮೆರಿಕದಲ್ಲಿ ಕೂಡಲೇ ನಿಲ್ಲಿಸಿದರು. ಫ್ರಾನ್ಸ್‌ನಲ್ಲಿ ನೂರಕ್ಕೂ ಹೆಚ್ಚು ಮಂದಿ ಇದಕ್ಕೆ ಬಲಿಯಾದರು. ಅದೇ 1985ರಲ್ಲಿ, ಬ್ಯಾಕ್ಟೀರಿಯಾದಿಂದ ತಯಾರಿಸಿದ ಹಾರ್ಮೋನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇವತ್ತು ನಮ್ಮ ಮಕ್ಕಳಿಗೆ ಸಿಗುವುದು ಲ್ಯಾಬಿನಲ್ಲಿ ತಯಾರಾದ, 191 ಅಮೈನೋ ಆಮ್ಲಗಳ ಹಾರ್ಮೋನ್. ಅದರಲ್ಲಿ ಆ ಸೋಂಕಿನ ಭಯ ಇಲ್ಲ.

ಹಾಗಾದರೆ ಮುಂದೆ ಏನಾದರೂ ಆಗಬಹುದೇ? ಪ್ರತಿ ತಾಯಿಯೂ ಕೇಳುವ ಪ್ರಶ್ನೆ ಇದು. ಯುರೋಪಿನ 8 ದೇಶಗಳು ಸೇರಿ, ಬಾಲ್ಯದಲ್ಲಿ ಈ ಸೂಜಿ ತೆಗೆದುಕೊಂಡ 24,000ಕ್ಕೂ ಹೆಚ್ಚು ಜನರನ್ನು ಬೆನ್ನುಹತ್ತಿ ನೋಡಿದವು. ಫ್ರಾನ್ಸ್‌ನ ಮೊದಲ ವರದಿ ಸ್ವಲ್ಪ ಆತಂಕ ಹುಟ್ಟಿಸಿತ್ತು. ಆದರೆ 2020ರಲ್ಲಿ ಬಂದ ಎಲ್ಲ ದೇಶಗಳ ಒಟ್ಟು ಲೆಕ್ಕದಲ್ಲಿ, ಬರೀ ಬೆಳವಣಿಗೆ ಹಾರ್ಮೋನ್ ಕೊರತೆ ಇದ್ದ ಮಕ್ಕಳಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿರಲಿಲ್ಲ. ಗಡ್ಡೆಯಂಥ ಬೇರೆ ಗಂಭೀರ ಕಾಯಿಲೆ ಇದ್ದವರಲ್ಲಿ ಜಾಸ್ತಿ ಇತ್ತು. ನನಗೆ ಇದು ದೊಡ್ಡ ಸಮಾಧಾನ ಕೊಟ್ಟಿತು.

ದಿನದ ಸೂಜಿಯನ್ನು ರಾತ್ರಿ ಮಲಗುವ ಮುಂಚೆ ಚರ್ಮದ ಕೆಳಗೆ ಕೊಡುತ್ತಾರೆ. ತೊಡೆ, ಹೊಟ್ಟೆ, ಕುಂಡೆ, ತೋಳು ಹೀಗೆ ಜಾಗ ಬದಲಾಯಿಸುತ್ತಾ ಇರಬೇಕು. ಒಂದೇ ಕಡೆ ಚುಚ್ಚಿದರೆ ಅಲ್ಲಿ ಗುಳಿ ಬೀಳಬಹುದು. ಡೋಸ್ ತೂಕದ ಮೇಲೆ. ಉದಾಹರಣೆಗೆ 20 ಕೆ.ಜಿ. ಮಗುವಿಗೆ ವಾರಕ್ಕೆ ಕೆ.ಜಿ.ಗೆ 0.2 ಮಿ.ಗ್ರಾಂ. ಬರೆದರೆ ವಾರಕ್ಕೆ 4 ಮಿ.ಗ್ರಾಂ., ದಿನಕ್ಕೆ ಸುಮಾರು 0.57. 1 ಮಿ.ಗ್ರಾಂ. ಅಂದರೆ 3 ಯೂನಿಟ್. ಹಾಗಾಗಿ ದಿನಕ್ಕೆ ಸುಮಾರು 1.7 ಯೂನಿಟ್. ಕೆಲವು ಪೆನ್ನಿನಲ್ಲಿ ಮಿ.ಗ್ರಾಂ. ಇರುತ್ತದೆ, ಕೆಲವು ಡಾಕ್ಟರ್ ಯೂನಿಟ್ಟಿನಲ್ಲಿ ಬರೆಯುತ್ತಾರೆ. ಬ್ರ್ಯಾಂಡ್ ಬದಲಾದ ದಿನ ಈ ಲೆಕ್ಕವನ್ನು ನರ್ಸ್ ಜೊತೆ ಕೂತು ಮತ್ತೆ ಮಾಡಿ. ಡೋಸ್ ನಿರ್ಧರಿಸುವುದು ಡಾಕ್ಟರ್ ಮಾತ್ರ.

ಔಷಧವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರಿಜ್ಜಿನ ಮಧ್ಯದ ತಟ್ಟೆ ಒಳ್ಳೆಯದು. ಫ್ರೀಜರಿನ ಹತ್ತಿರ ಇಟ್ಟು ಹೆಪ್ಪುಗಟ್ಟಿದರೆ ಎಸೆಯಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಮಾಮೂಲಿ, ಅಲ್ವಾ? ಥರ್ಮೋಸ್ ಮತ್ತು ಐಸ್ ಪ್ಯಾಕ್ ಸಿದ್ಧವಿರಲಿ. ಐಸಿಗೆ ಪೆನ್ ನೇರವಾಗಿ ತಾಗಬಾರದು, ನಡುವೆ ಟವೆಲ್ ಸುತ್ತಿ.

ಮೊದಲ ವರ್ಷದ ಬೆಳವಣಿಗೆ ಕಣ್ಣಿಗೆ ಹಬ್ಬ. ವರ್ಷಕ್ಕೆ 3–4 ಸೆಂ.ಮೀ. ಬೆಳೆಯುತ್ತಿದ್ದ ಮಗು 8ರಿಂದ 12 ಬೆಳೆಯಬಹುದು. ನನ್ನ ಮಗ 9 ಬೆಳೆದ. ಎರಡು ಜೊತೆ ಯೂನಿಫಾರ್ಮ್ ಹೊಲಿಸಬೇಕಾಯಿತು, ಆ ಬಿಲ್ಲನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಎರಡನೇ ವರ್ಷದಿಂದ ವೇಗ ಇಳಿಯುತ್ತದೆ. ಅದು ಸಹಜ. ಔಷಧ ಕೆಲಸ ಮಾಡುತ್ತಿಲ್ಲ ಅಂತ ಅಂದುಕೊಳ್ಳಬೇಡಿ. ವೇಗ ತೀರಾ ಬಿದ್ದರೆ ಮೊದಲು ಕೇಳಿಕೊಳ್ಳಬೇಕಾದ್ದು, ಎಷ್ಟು ಸೂಜಿ ತಪ್ಪಿಹೋಗಿದೆ ಅಂತ.

ಸೂಜಿ ಶುರುವಾದ ಮೇಲೆ ಎರಡು ವಿಷಯಕ್ಕೆ ತಡ ಮಾಡಬಾರದು. ಒಂದು, ಜೋರು ತಲೆನೋವು ಜೊತೆಗೆ ವಾಂತಿ ಅಥವಾ ದೃಷ್ಟಿ ಮಂಜು. ತಲೆಯೊಳಗಿನ ಒತ್ತಡ ಏರಿರಬಹುದು. ಇನ್ನೊಂದು, ಕುಂಟುವುದು, ಸೊಂಟ ಅಥವಾ ಮಂಡಿ ನೋವು. ತೊಡೆಮೂಳೆಯ ತಲೆ ಜಾರಿರಬಹುದು. ಎರಡಕ್ಕೂ ಅವತ್ತೇ ಫೋನ್ ಮಾಡಿ. ಬೆನ್ನುಮೂಳೆ ಸೊಟ್ಟಗಾಗುತ್ತಿದೆಯೇ, ಥೈರಾಯ್ಡ್, ಸಕ್ಕರೆ, ಐಜಿಎಫ್-1 ಹೇಗಿದೆ ಅನ್ನುವುದನ್ನು ಮೂರರಿಂದ ಆರು ತಿಂಗಳಿಗೊಮ್ಮೆ ಹೋದಾಗ ಡಾಕ್ಟರ್ ನೋಡುತ್ತಿರುತ್ತಾರೆ.

ಎತ್ತರ ಹೆಚ್ಚಿಸುವ ಮಾತ್ರೆ, ಬಾಯಿಗೆ ಹೊಡೆಯುವ ಸ್ಪ್ರೇ ಅಂತ ಮಾರುವುದನ್ನು ಕೊಳ್ಳಬೇಡಿ. ಬೆಳವಣಿಗೆ ಹಾರ್ಮೋನ್ ಒಂದು ಪ್ರೋಟೀನು. ಹೊಟ್ಟೆಗೆ ಹೋದರೆ ಬೇಳೆಯಂತೆ ಜೀರ್ಣವಾಗಿಬಿಡುತ್ತದೆ.

ಹೆಜ್ಜೆ 8: ವಾರದ ಸೂಜಿಯ ಸುದ್ದಿಯನ್ನು ಓದುವ ಬಗೆ

ವರ್ಷಕ್ಕೆ 365 ಸೂಜಿಯ ಬದಲು 52. ಕೇಳಿದರೇ ಆಸೆಯಾಗುತ್ತದೆ. ಮೂರು ಔಷಧಗಳಿಗೆ ಮಕ್ಕಳ ಬಳಕೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ: 2021ರಲ್ಲಿ ಲೋನಾಪೆಗ್‌ಸೊಮಾಟ್ರೋಪಿನ್, 2023ರಲ್ಲಿ ಸೊಮಾಪಾಸಿಟಾನ್ ಮತ್ತು ಸೊಮಾಟ್ರೋಗಾನ್. ಮೊದಲನೆಯದು ಹಾರ್ಮೋನನ್ನು ಒಂದು ವಾಹಕಕ್ಕೆ ಕಟ್ಟಿ ನಿಧಾನವಾಗಿ ಬಿಡುತ್ತದೆ. ಎರಡನೆಯದು ರಕ್ತದಲ್ಲಿರುವ ಆಲ್ಬುಮಿನ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡು ಉಳಿಯುತ್ತದೆ. ಮೂರನೆಯದಕ್ಕೆ ಬೇರೊಂದು ಹಾರ್ಮೋನಿನ ತುಣುಕು ಸೇರಿಸಿ ಬಾಳಿಕೆ ಹೆಚ್ಚಿಸಿದ್ದಾರೆ.

ಫಲಿತಾಂಶ ನೋಡಿ. ಲೋನಾಪೆಗ್ ಅಧ್ಯಯನದಲ್ಲಿ 161 ಮಕ್ಕಳು. ಒಂದು ವರ್ಷದಲ್ಲಿ ವಾರದ ಸೂಜಿಯವರು 11.2 ಸೆಂ.ಮೀ., ದಿನದ ಸೂಜಿಯವರು 10.3. ಸೊಮಾಪಾಸಿಟಾನ್‌ನಲ್ಲಿ 200 ಮಕ್ಕಳು. ವಾರದವರು 11.2, ದಿನದವರು 11.7. ಸೊಮಾಟ್ರೋಗಾನ್‌ನಲ್ಲಿ 224 ಮಕ್ಕಳು. 10.1 ಮತ್ತು 9.8.

ಹಾಗಾದರೆ ಮೊದಲನೆಯದೇ ಒಳ್ಳೆಯದು ಅನ್ನಬಹುದೇ? ಅನ್ನಬಾರದು. ಮೂರೂ ಬೇರೆ ಬೇರೆ ಮಕ್ಕಳ ಮೇಲೆ ಆದ ಅಧ್ಯಯನ. ದಿನದ ಸೂಜಿಯವರ ಅಂಕಿಯೇ 9.8ರಿಂದ 11.7ರವರೆಗೆ ಓಡಾಡಿದೆ ನೋಡಿ. ಈ ಅಧ್ಯಯನಗಳು ಮುಖ್ಯವಾಗಿ ಕೇಳಿದ ಪ್ರಶ್ನೆ, ವಾರದ ಸೂಜಿ ದಿನದ ಸೂಜಿಗಿಂತ ಕಡಿಮೆಯೇನಲ್ಲ ತಾನೇ ಅನ್ನುವುದು. ಉತ್ತರ: ಕಡಿಮೆಯೇನಲ್ಲ. ಔಷಧವೇ ಇಲ್ಲದ ಹುಸಿ ಸೂಜಿಯ ಜೊತೆ ಯಾಕೆ ಹೋಲಿಸಲಿಲ್ಲ ಅಂದರೆ, ಕೊರತೆ ಇರುವ ಮಗುವನ್ನು ವರ್ಷವಿಡೀ ಚಿಕಿತ್ಸೆ ಇಲ್ಲದೆ ಚುಚ್ಚುವುದು ಅನ್ಯಾಯ. ಮೇಲಿನವು ಮೊದಲ ವರ್ಷದ ಅಂಕಿ ಅನ್ನುವುದೂ ನೆನಪಿರಲಿ. ದಿನದ ಸೂಜಿಗೆ 1985ರಿಂದ ಅನುಭವ ಇದೆ. ವಾರದ್ದಕ್ಕೆ ಅಷ್ಟು ವಯಸ್ಸಾಗಿಲ್ಲ. ದಿನವೂ ಸೂಜಿಗೆ ಅತ್ತು ತಪ್ಪಿಸುವ ಮಗುವಿಗೆ ವಾರದ್ದು ವರದಾನ. ಸುಮ್ಮನೆ ಹಾಕಿಸಿಕೊಳ್ಳುವ ಮಗುವಿಗೆ ಅವಸರ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹೆಜ್ಜೆ 9: "ಅಧ್ಯಯನಕ್ಕೆ ಸೇರಿಸುತ್ತೀರಾ?" ಅಂತ ಕೇಳಿದರೆ

ಗಾಬರಿಯೂ ಬೇಡ, ಉಚಿತ ಔಷಧ ಅಂತ ಆತುರವೂ ಬೇಡ. ಭಾರತದಲ್ಲಿ ಕ್ಲಿನಿಕಲ್ ಟ್ರಯಲ್‌ಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ದಾಖಲಿಸಬೇಕು. ಅದು ಶುರುವಾದದ್ದು 2007ರಲ್ಲಿ. ನೋಂದಣಿ ಸಂಖ್ಯೆ ಕೇಳಿ, ಜಾಲತಾಣದಲ್ಲಿ ನೀವೇ ನೋಡಿ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೊಡಿ ಅಂತ ಕೇಳುವುದು ನಿಮ್ಮ ಹಕ್ಕು. ಮನೆಗೆ ಒಯ್ದು ಓದಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ 7 ದಾಟಿದ ಮಗುವಿನ ಸಮ್ಮತಿಯನ್ನೂ ಬಾಯಿಮಾತಲ್ಲಿ ಕೇಳಬೇಕು, 12 ದಾಟಿದರೆ ಬರವಣಿಗೆಯಲ್ಲಿ.

ಕೇಳಬೇಕಾದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದನ್ನು ಜನ ಮರೆಯುತ್ತಾರೆ: ಅಧ್ಯಯನ ಮುಗಿದ ಮರುದಿನ ಔಷಧ ಯಾರು ಕೊಡುತ್ತಾರೆ? ಒಂದು ವರ್ಷ ಉಚಿತವಾಗಿ ಕೊಟ್ಟು ಕೈಬಿಟ್ಟರೆ ಮಗುವಿನ ಗತಿ? ಇದನ್ನು ಬರವಣಿಗೆಯಲ್ಲಿ ಕೇಳಿ. ಆಮೇಲೆ ಉಳಿದವು. ಯಾವ ಗುಂಪಿಗೆ ಸೇರುತ್ತದೆ ಅಂತ ಯಾರು ನಿರ್ಧರಿಸುತ್ತಾರೆ, ಎಷ್ಟು ಸಲ ರಕ್ತ ತೆಗೆಯುತ್ತಾರೆ, ಬಸ್ಸಿನ ಖರ್ಚು ಕೊಡುತ್ತಾರಾ, ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಹೇಗೆ. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಟ್ರಯಲ್‌ನಿಂದಾದ ಹಾನಿಗೆ ಚಿಕಿತ್ಸೆಯೂ ಪರಿಹಾರವೂ ಇದೆ. ಬೇಡ ಅನಿಸಿದ ದಿನ ಹೊರಗೆ ಬರಬಹುದು. ಅದರಿಂದ ನಿಮ್ಮ ಮಗುವಿನ ಮಾಮೂಲಿ ಚಿಕಿತ್ಸೆ ನಿಲ್ಲಬಾರದು.

ಹೆಜ್ಜೆ 10: ದುಡ್ಡು

ಈ ಚಿಕಿತ್ಸೆ ದುಬಾರಿ. ಮಗು ಬೆಳೆದಂತೆ ಡೋಸೂ ಖರ್ಚೂ ಬೆಳೆಯುತ್ತವೆ. ಅರ್ಧದಲ್ಲಿ ನಿಲ್ಲಿಸುವ ಬದಲು ಮೊದಲೇ ವಿಚಾರಿಸಿ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯ ಎರಡನೇ ಗುಂಪಿನಲ್ಲಿ, ಖಚಿತವಾದ ಬೆಳವಣಿಗೆ ಹಾರ್ಮೋನ್ ಕೊರತೆಗೂ ಟರ್ನರ್ ಸಿಂಡ್ರೋಮ್‌ಗೂ ಕೊಡುವ ಈ ಚಿಕಿತ್ಸೆಯ ಹೆಸರಿದೆ. 2022ರಲ್ಲಿ ನೆರವಿನ ಮಿತಿಯನ್ನು ಎಲ್ಲ ಗುಂಪುಗಳಿಗೂ 50 ಲಕ್ಷ ರೂಪಾಯಿವರೆಗೆ ಏರಿಸಿದರು. ಅರ್ಜಿ ಗುರುತಿಸಿದ ಕೇಂದ್ರಗಳ ಮೂಲಕವೇ ಹೋಗಬೇಕು. ಕರ್ನಾಟಕಕ್ಕೆ ಅದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಎಲ್ಲ ವರದಿ, ಗ್ರೋತ್ ಚಾರ್ಟ್, ಎಂಆರ್‌ಐ ಒಂದೇ ಫೈಲಿನಲ್ಲಿ ಒಯ್ಯಿರಿ. ನಿಮ್ಮ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನೂ ಕೇಳಿ. ನಮಗೆ ಗೊತ್ತಿರದ ಎಷ್ಟೋ ದಾರಿ ಅವರಿಗೆ ಗೊತ್ತಿರುತ್ತದೆ.

ಹೆಜ್ಜೆ 11: ಬೆಳೆದು ನಿಂತ ಮೇಲೆ

ವರ್ಷಕ್ಕೆ 2 ಸೆಂ.ಮೀ.ಗಿಂತ ಕಡಿಮೆ ಬೆಳೆಯುವ ಹೊತ್ತಿಗೆ ಮೂಳೆಯ ಪಟ್ಟಿಗಳು ಮುಚ್ಚುತ್ತಾ ಬಂದಿರುತ್ತವೆ. ಆಮೇಲೆ ಎಷ್ಟು ಸೂಜಿ ಹಾಕಿದರೂ ಎತ್ತರ ಬರುವುದಿಲ್ಲ. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಈ ಹಾರ್ಮೋನ್ ದೊಡ್ಡವರಿಗೂ ಬೇಕು, ಮಾಂಸಖಂಡಕ್ಕೆ, ಮೂಳೆಯ ಗಟ್ಟಿತನಕ್ಕೆ, ಮೈಯ ಕೊಬ್ಬು ಹತೋಟಿಯಲ್ಲಿರಲು. ಕನಿಷ್ಠ ಒಂದು ತಿಂಗಳು ಸೂಜಿ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡುತ್ತಾರೆ. ಬಾಲ್ಯದಲ್ಲಿ ಈ ಒಂದು ಹಾರ್ಮೋನ್ ಮಾತ್ರ ಕಡಿಮೆ ಇದ್ದು, ಎಂಆರ್‌ಐ ಸರಿ ಇದ್ದವರಲ್ಲಿ ಎಷ್ಟೋ ಮಂದಿಗೆ ಆಗ ಮಾಮೂಲಿ ಫಲಿತಾಂಶ ಬರುತ್ತದೆ. ಅವರಿಗೆ ಮುಂದೆ ಸೂಜಿ ಬೇಡ. ಪಿಟ್ಯುಟರಿಯ ರಚನೆಯಲ್ಲೇ ದೋಷ ಇದ್ದವರಿಗೆ ಕೊರತೆ ಸಾಮಾನ್ಯವಾಗಿ ಉಳಿಯುತ್ತದೆ. ಅವರಿಗೆ ದೊಡ್ಡವರ ಡೋಸ್, ಮಕ್ಕಳದಕ್ಕಿಂತ ತುಂಬ ಕಡಿಮೆ.

ದೊಡ್ಡವರಾದ ಮೇಲೆ ಹೊಸದಾಗಿಯೂ ಈ ಕೊರತೆ ಬರಬಹುದು. ಹೆರಿಗೆಯಲ್ಲಿ ತುಂಬ ರಕ್ತ ಹೋಗಿ, ಎದೆಹಾಲು ಬಾರದೆ, ಮುಟ್ಟು ಮತ್ತೆ ಶುರುವಾಗದ ತಾಯಂದಿರಲ್ಲಿ. ನಮ್ಮ ಹೊಲಗದ್ದೆಗಳಲ್ಲಿ ಕೊಳಕುಮಂಡಲ ಹಾವು ಕಚ್ಚಿ ಬದುಕಿ ಬಂದ ಕೆಲವರಲ್ಲಿ. ಹಾವಿನ ವಿಷದಿಂದ ಪಿಟ್ಯುಟರಿ ಹಾಳಾಗಿರುತ್ತದೆ, ಸುಸ್ತು ಅಂತ ವರ್ಷಗಟ್ಟಲೆ ಟಾನಿಕ್ ಕುಡಿಯುತ್ತಿರುತ್ತಾರೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ ಎಂಡೋಕ್ರೈನಾಲಜಿಸ್ಟ್ ಹತ್ತಿರ ಒಮ್ಮೆ ಕರೆದೊಯ್ಯಿರಿ.

ನನ್ನ ಮಗನಿಗೆ ಈಗ 17. ಹೋದ ತಿಂಗಳು ಸೂಜಿ ನಿಲ್ಲಿಸಿದ್ದಾರೆ. ಮುಂದಿನ ವಾರ ಮರುಪರೀಕ್ಷೆ. ಎಂಟನೇ ವಯಸ್ಸಿನ ಎಕ್ಸ್‌ರೇಯಿಂದ ಹಿಡಿದು ಎಲ್ಲ ಇರುವ ಆ ದಪ್ಪ ಫೈಲನ್ನು ಈ ಸಲ ಅವನ ಕೈಗೆ ಕೊಟ್ಟಿದ್ದೇನೆ. ಕೊನೆಯ ಪುಟದಲ್ಲಿ ಹೊಸ ಗೆರೆ ಬರೆದುಕೊಂಡಿದ್ದಾನೆ: 164.2.